ಅಜ್ಜಿ ಹೋದ ಸುದ್ದಿ ಬಂದಾಗ: ಮನೆಮಂದಿಯೆಲ್ಲ ಕಾರಿನಲ್ಲಿ ದೂರ ಹೊರಡುವ ಮುನ್ನ

ಇಂಥ ಫೋನು ಹೆಚ್ಚಾಗಿ ಹೊತ್ತಲ್ಲದ ಹೊತ್ತಿನಲ್ಲೇ ಬರುತ್ತದೆ. "ಅಜ್ಜಿ ಹೋಗಿಬಿಟ್ರು" ಅನ್ನುವ ಮಾತು ಕಿವಿಗೆ ಬಿದ್ದು ಐದು ನಿಮಿಷ ಆಗಿರುವುದಿಲ್ಲ, ಒಬ್ಬರು ಬೀರು ತೆಗೆದಿರುತ್ತಾರೆ. ಇನ್ನೊಬ್ಬರು ಕಾರಿನ ಕೀ ಹುಡುಕುತ್ತಿರುತ್ತಾರೆ. ಮಕ್ಕಳು ಏನಾಯಿತು ಅಂತ ಗೊತ್ತಾಗದೆ ಬಾಗಿಲಲ್ಲಿ ನಿಂತಿರುತ್ತಾರೆ. ಮುಂದೆ ನಾನ್ನೂರು ಕಿಲೋಮೀಟರ್ ದಾರಿ ಇದೆ.

ತಲೆ ಓಡದ ಹೊತ್ತು ಅದು. ಆದರೆ ತೀರ್ಮಾನ ಮಾಡಬೇಕಾದ ವಿಷಯಗಳೂ ಆಗಲೇ ಜಾಸ್ತಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಎಲ್ಲವನ್ನೂ ನೆನಪಿಟ್ಟುಕೊಳ್ಳಲು ಆಗದಿದ್ದರೆ ಎರಡನ್ನು ಮಾತ್ರ ಇಟ್ಟುಕೊಳ್ಳಿ. ಒಂದು, ಹೊರಡುವ ಮುಂಚೆ ಸಮಯ ಕೇಳಿ. ಎರಡು, ತಾಯಿಯನ್ನೋ ತಂದೆಯನ್ನೋ ಕಳೆದುಕೊಂಡವರ ಕೈಗೆ ಸ್ಟೇರಿಂಗ್ ಕೊಡಬೇಡಿ. ಈ ಎರಡು ಸರಿಯಾದರೆ ಉಳಿದದ್ದನ್ನು ದಾರಿಯಲ್ಲೂ ಸರಿಮಾಡಿಕೊಳ್ಳಬಹುದು.

ಮೊದಲು ಸಮಯ ಕೇಳಿ

ಸುದ್ದಿ ಕೇಳಿದ ತಕ್ಷಣ ಎಲ್ಲರೂ "ಹೊರಟ್ವಿ" ಅನ್ನುತ್ತಾರೆ, ಫೋನ್ ಇಡುತ್ತಾರೆ. ಆಮೇಲೆ ದಾರಿಯುದ್ದಕ್ಕೂ "ಸಿಗ್ತಾರೋ ಇಲ್ವೋ, ಮುಖ ನೋಡಕ್ಕಾಗುತ್ತೋ ಇಲ್ವೋ" ಎನ್ನುವ ಆತಂಕ. ಕಾರಿನ ವೇಗ ಏರುವುದು ಈ ಆತಂಕದಿಂದಲೇ. ಹಾಗಾಗಿ ಮನೆ ಬಿಡುವ ಮುಂಚೆ ಇನ್ನೊಂದು ಫೋನ್ ಮಾಡಿ. ಅಲ್ಲಿ ಎಲ್ಲಕ್ಕೂ ಓಡಾಡುತ್ತಿರುವವರು ಯಾರೋ ಒಬ್ಬರು ಇದ್ದೇ ಇರುತ್ತಾರೆ, ದೊಡ್ಡಪ್ಪನೋ, ಮಾವನೋ, ಪಕ್ಕದ ಮನೆಯವರೋ. ಅವರನ್ನು ಮೂರು ಮಾತು ಕೇಳಿ: ಅಂತ್ಯಕ್ರಿಯೆ ಎಷ್ಟು ಹೊತ್ತಿಗೆ, ಎಲ್ಲಿ, ಇನ್ನು ಯಾರು ಯಾರು ದೂರದಿಂದ ಬರಬೇಕು.

ಆಮೇಲೆ ನಿಮ್ಮ ಲೆಕ್ಕ. ಮೊಬೈಲಿನ ಮ್ಯಾಪ್ 7 ಗಂಟೆ ಎಂದು ತೋರಿಸಿದರೆ ಅದು ಎಲ್ಲೂ ನಿಲ್ಲದ ಕಾರಿನ ಲೆಕ್ಕ. ಮಕ್ಕಳು, ವಯಸ್ಸಾದವರು ಇರುವ ಕಾರು ಎರಡು ಗಂಟೆಗೊಮ್ಮೆ ನಿಲ್ಲಬೇಕು, ಒಂದು ಕಡೆ ಊಟಕ್ಕೆ ಇಳಿಯಬೇಕು. ಎಲ್ಲ ಸೇರಿಸಿದರೆ ಎಂಟೂವರೆ ಗಂಟೆ ಆಗುತ್ತದೆ. ಆ ಎಂಟೂವರೆ ಗಂಟೆಯನ್ನೇ ಹೇಳಿ. ಅಳುಕುತ್ತಾ "ಬೇಗ ಬರ್ತೀವಿ" ಅಂದರೆ ಅಲ್ಲಿರುವವರಿಗೂ ಕಷ್ಟ.

ಹೀಗೆ ಹೇಳಬಹುದು: "ನಾವು ಬಂದು ಮುಟ್ಟೋದು ಸಾಯಂಕಾಲ ಐದೂವರೆ ಆಗುತ್ತೆ. ಅಲ್ಲಿವರೆಗೆ ಕಾಯಕ್ಕಾಗುತ್ತಾ ನೋಡಿ. ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ, ಬೇಜಾರಿಲ್ಲ."

ಕಾಯಲು ಆಗುತ್ತದೆಯೇ ಇಲ್ಲವೇ ಎನ್ನುವುದು ಅಲ್ಲಿಯ ಸೌಕರ್ಯದ ಮೇಲೂ ನಿಂತಿದೆ. ಶವಾಗಾರದಲ್ಲೋ ಫ್ರೀಜರ್ ಪೆಟ್ಟಿಗೆಯಲ್ಲೋ 2ರಿಂದ 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಟ್ಟರೆ ದೇಹವನ್ನು ಕೆಲವು ದಿನ ಕಾಪಾಡಬಹುದು. ಆ ಸೌಕರ್ಯ ಇಲ್ಲದ ಕಡೆ, ಅದರಲ್ಲೂ ಬಿಸಿಲುಗಾಲದಲ್ಲಿ, ಕೆಲವೇ ಗಂಟೆಗಳಲ್ಲಿ ಬದಲಾವಣೆ ಶುರುವಾಗುತ್ತದೆ. ಇದನ್ನು ಬಾಯಿಬಿಟ್ಟು ಹೇಳಲು ಎಲ್ಲರಿಗೂ ಸಂಕೋಚ. ಅಲ್ಲಿಂದ "ಜಾಸ್ತಿ ಹೊತ್ತು ಇಡಕ್ಕಾಗಲ್ಲ" ಎಂಬ ಮಾತು ಬಂದರೆ ಅದರ ಹಿಂದೆ ಇರುವುದು ಇದೇ. ನಿಮ್ಮನ್ನು ಕಡೆಗಣಿಸಿದರು ಎಂದು ತಿಳಿಯಬೇಡಿ.

ಕಾಯಲು ಆಗುವುದೇ ಇಲ್ಲ ಅಂದಾಗ? ಆ ಸತ್ಯ ಮನೆಯಲ್ಲಿ ಕೂತಿದ್ದಾಗಲೇ ಗೊತ್ತಾಗುವುದು ಒಳ್ಳೆಯದು. ಮುಖ ನೋಡಲು ಸಿಗುವುದಿಲ್ಲ ಎಂದು ತಿಳಿದು ನಿಧಾನವಾಗಿ ಹೊರಟವರು, ಸಿಗಬಹುದೇನೋ ಎಂದು ಪ್ರಾಣ ಒತ್ತೆಯಿಟ್ಟು ಓಡಿಸಿದವರಿಗಿಂತ ಸಮಾಧಾನದಿಂದ ತಲುಪುತ್ತಾರೆ. ಅಲ್ಲಿರುವ ಒಬ್ಬರಿಗೆ ಹೇಳಿ ವಿಡಿಯೋ ಕಾಲ್ ಮಾಡಿಸಿ. ಆ ಹೊತ್ತಿಗೆ ಕಾರನ್ನು ಎಲ್ಲಾದರೂ ಸುರಕ್ಷಿತವಾಗಿ ನಿಲ್ಲಿಸಿ, ಎಲ್ಲರೂ ಒಟ್ಟಿಗೆ ನೋಡಿ. ಓಡುತ್ತಿರುವ ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ವಿಡಿಯೋ ಹಾಕಿಕೊಂಡು, ಓಡಿಸುವವರು ಕನ್ನಡಿಯಲ್ಲಿ ಇಣುಕುವುದು ಮಾತ್ರ ಬೇಡವೇ ಬೇಡ.

ಸ್ಟೇರಿಂಗ್ ಯಾರ ಕೈಯಲ್ಲಿ

ನಿಮಗೆ ಅಜ್ಜಿ. ನಿಮ್ಮ ಅಮ್ಮನಿಗೋ ಅಪ್ಪನಿಗೋ ಹೆತ್ತ ತಾಯಿ. ಎಂದೂ ಕಾರು ಓಡಿಸುವವರು ಅಪ್ಪನೇ ಆಗಿದ್ದರೆ ಆವತ್ತೂ ಅವರೇ ಕೀ ತೆಗೆದುಕೊಳ್ಳುತ್ತಾರೆ. "ನಂಗೇನೂ ಆಗಿಲ್ಲ, ನಾನೇ ಓಡಿಸ್ತೀನಿ" ಅನ್ನುತ್ತಾರೆ. ಕೈಗೊಂದು ಕೆಲಸ ಇದ್ದರೆ ದುಃಖ ತಡೆಯಬಹುದು ಎನ್ನುವ ಆಸೆ ಅದು. ಆದರೆ ರಸ್ತೆ ನೋಡುತ್ತಿದ್ದರೂ ಮನಸ್ಸು ರಸ್ತೆಯ ಮೇಲೆ ಇರುವುದಿಲ್ಲ. ಬರಬೇಕಾದ ತಿರುವು ದಾಟಿಹೋಗುತ್ತದೆ. ಮುಂದಿನ ಲಾರಿಯ ಬ್ರೇಕ್ ಲೈಟ್ ಕಂಡರೂ ಕಾಲು ತಡವಾಗಿ ಏಳುತ್ತದೆ.

ಅವರಿಗೆ "ನೀವು ಓಡಿಸಬೇಡಿ" ಎಂದರೆ ಜಗಳ ಆಗುತ್ತದೆ. ಬೇರೆ ಕೆಲಸ ಕೊಡಿ. "ಅಪ್ಪಾ, ನೀವು ಫೋನ್ ನೋಡ್ಕೊಳ್ಳಿ, ಎಲ್ಲರೂ ನಿಮಗೇ ಮಾಡ್ತಿದಾರೆ. ನಾನು ಓಡಿಸ್ತೀನಿ" ಅನ್ನಿ. ಇದು ನೆಪವಲ್ಲ, ಆ ಫೋನುಗಳನ್ನು ಯಾರಾದರೂ ನೋಡಲೇಬೇಕು. ಅಳಿಯ, ಸೊಸೆ, ಬೆಳೆದ ಮೊಮ್ಮಕ್ಕಳು, ಸ್ನೇಹಿತರು, ಇವರಲ್ಲಿ ಚೆನ್ನಾಗಿ ಓಡಿಸಲು ಬರುವ ಇಬ್ಬರು ಸಿಕ್ಕರೆ ಸಾಕು. ಇಬ್ಬರೂ ಸಿಗದಿದ್ದರೆ ಬಾಡಿಗೆಗೆ ಡ್ರೈವರ್ ಕರೆಯಿರಿ. ಅದೂ ಆಗದಿದ್ದರೆ ಬಸ್ಸೋ ರೈಲೋ ನೋಡಿ. ಸ್ವಂತ ಕಾರಿನಲ್ಲೇ ಹೋಗಬೇಕೆಂದು ಯಾರೂ ಹೇಳಿಲ್ಲ. ಸ್ನೇಹಿತರನ್ನು ಕೇಳಲು ನಾಚಿಕೆ ಬೇಡ. "ಏನಾದ್ರೂ ಬೇಕಿದ್ರೆ ಹೇಳಿ" ಎಂದು ಮೆಸೇಜ್ ಹಾಕಿದವರಿಗೆ ನಿಜವಾಗಿಯೂ ಏನಾದರೂ ಮಾಡುವ ಆಸೆ ಇರುತ್ತದೆ.

ಹಿಂದಿನ ರಾತ್ರಿ ಆಸ್ಪತ್ರೆಯಲ್ಲೋ ಫೋನಿನಲ್ಲೋ ಎದ್ದೇ ಇದ್ದವರು ಓಡಿಸಲೇಬಾರದು. 1997ರಲ್ಲಿ ಆಸ್ಟ್ರೇಲಿಯಾದ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ ಮಾಡಿದ ಪ್ರಯೋಗದಲ್ಲಿ, ಸತತ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಚುರುಕು ರಕ್ತದಲ್ಲಿ ಶೇಕಡಾ 0.05 ಮದ್ಯ ಇರುವವರ ಮಟ್ಟಕ್ಕೆ ಇಳಿದಿತ್ತು. ಎಷ್ಟೋ ದೇಶಗಳಲ್ಲಿ ಅಷ್ಟು ಕುಡಿದು ಗಾಡಿ ಓಡಿಸಿದರೆ ಅಪರಾಧ. ಬೆಳಿಗ್ಗೆ 6ಕ್ಕೆ ಎದ್ದವರಿಗೆ ರಾತ್ರಿ 11ಕ್ಕೇ 17 ಗಂಟೆ ತುಂಬುತ್ತದೆ. ಅಂದರೆ ರಾತ್ರಿ 11ಕ್ಕೆ ಫೋನ್ ಬಂದು ಆಗಲೇ ಹೊರಟರೆ ಅದೇ ಸ್ಥಿತಿಯಲ್ಲಿ ಹೊರಟ ಹಾಗೆ.

ಇನ್ನೊಂದು ಮಾತು. ದುಃಖದಲ್ಲಿರುವವರಿಗೆ ಯಾರೋ ಒಂದು ನಿದ್ದೆ ಮಾತ್ರೆ ಕೊಟ್ಟಿರುತ್ತಾರೆ. ಕಾರಿನಲ್ಲಿ ವಾಂತಿ ಬಾರದಿರಲಿ ಎಂದು ನುಂಗುವ ಮಾತ್ರೆ, ನೆಗಡಿ ಮಾತ್ರೆ, ಇವುಗಳಲ್ಲೂ ಹಲವು ಮಂಪರು ತರಿಸುತ್ತವೆ. ಓಡಿಸುವವರು ಇವನ್ನು ತೆಗೆದುಕೊಂಡಿಲ್ಲ ಎಂದು ಕೇಳಿ ಖಾತ್ರಿ ಮಾಡಿಕೊಳ್ಳಿ.

ರಾತ್ರಿಯೇ ಹೊರಡಬೇಕಾ?

ನನ್ನ ಅಭಿಪ್ರಾಯ ನೇರ: ಮಧ್ಯರಾತ್ರಿ 2ರಿಂದ ಬೆಳಗಿನ 6ರವರೆಗೆ ರಸ್ತೆಯ ಮೇಲೆ ಇರಬೇಡಿ. ದೇಹದ ಗಡಿಯಾರ ಆ ಹೊತ್ತಿನಲ್ಲಿ ನಿದ್ದೆಯ ಕಡೆಗೇ ಎಳೆಯುತ್ತದೆ. ಮಧ್ಯಾಹ್ನ 2ರಿಂದ 4ರ ನಡುವೆಯೂ ಇನ್ನೊಂದು ಸಣ್ಣ ಇಳಿತ ಇದೆ. ನಿದ್ದೆಗೆ ಜಾರಿ ಆಗುವ ಅಪಘಾತಗಳು ಈ ಎರಡು ಹೊತ್ತಿನಲ್ಲೇ ಹೆಚ್ಚು.

ಅಂತ್ಯಕ್ರಿಯೆ ಮರುದಿನ ಮಧ್ಯಾಹ್ನದ ಮೇಲಿದ್ದರೆ ರಾತ್ರಿ ಮಲಗಿ. ಎಲ್ಲರಿಗೂ ನಿದ್ದೆ ಬರುವುದಿಲ್ಲ, ಗೊತ್ತು. ಓಡಿಸುವವರನ್ನಾದರೂ ಬೇರೆ ಕೋಣೆಗೆ ಕಳಿಸಿ, ಅವರ ಫೋನ್ ತೆಗೆದಿಟ್ಟುಕೊಳ್ಳಿ, ಬಾಗಿಲು ಹಾಕಿ. ಅಷ್ಟರಲ್ಲಿ ಉಳಿದವರು ಬ್ಯಾಗ್ ಕಟ್ಟಬಹುದು. ನಾಲ್ಕೈದು ಗಂಟೆ ಮಲಗಿ ಬೆಳಕು ಹರಿಯುವಾಗ ಹೊರಟ ಕಾರು, ರಾತ್ರಿಯೇ ಹೊರಟ ಕಾರಿಗಿಂತ ಬಹಳ ತಡವಾಗಿ ಏನೂ ತಲುಪುವುದಿಲ್ಲ. ರಾತ್ರಿ ಹೊರಟವರು ದಾರಿಯಲ್ಲಿ ಎರಡು ಮೂರು ಕಡೆ ತೂಕಡಿಸುತ್ತಾ ನಿಂತಿರುತ್ತಾರೆ.

ಗಾಡಿಗೆ ಹತ್ತು ನಿಮಿಷ, ಮನೆಗೆ ಹತ್ತು ನಿಮಿಷ

ಟೈರಿನ ಗಾಳಿ, ಎಂಜಿನ್ ಆಯಿಲ್, ಕೂಲೆಂಟ್, ಲೈಟು, ವೈಪರ್. ಗಾಳಿಯನ್ನು ಟೈರ್ ತಣ್ಣಗಿರುವಾಗಲೇ ನೋಡಬೇಕು. ಮನೆಮಂದಿಯೆಲ್ಲ, ಲಗೇಜೆಲ್ಲ ತುಂಬಿದಾಗ ಎಷ್ಟಿರಬೇಕು ಎನ್ನುವುದು ಡ್ರೈವರ್ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲೋ ಕಾರಿನ ಕೈಪಿಡಿಯಲ್ಲೋ ಬರೆದಿರುತ್ತದೆ. ಸ್ಟೆಪ್ನಿಯ ಗಾಳಿಯನ್ನೂ ನೋಡಿ, ಅದನ್ನು ಎಲ್ಲರೂ ಮರೆಯುತ್ತಾರೆ. ಜ್ಯಾಕ್, ಸ್ಪ್ಯಾನರ್ ಲಗೇಜಿನ ಕೆಳಗೆ ಹೂತುಹೋಗದಿರಲಿ. ಪೆಟ್ರೋಲ್ ಊರು ಬಿಡುವ ಮುಂಚೆಯೇ ತುಂಬಿಸಿ. ಎಲೆಕ್ಟ್ರಿಕ್ ಕಾರಾದರೆ ಎಲ್ಲಿ ಚಾರ್ಜ್ ಮಾಡುತ್ತೀರಿ, ಎಷ್ಟು ಹೊತ್ತು ಎನ್ನುವುದೂ ಮೊದಲಿನ ಲೆಕ್ಕದಲ್ಲೇ ಸೇರಬೇಕು.

ಬ್ಯಾಗಿನ ವಿಷಯದಲ್ಲಿ ಒಂದೇ ಸಲಹೆ: ಅಂತ್ಯಕ್ರಿಯೆಗೆ ಹಾಕಿಕೊಳ್ಳುವ ಬಟ್ಟೆ ಎಲ್ಲರದ್ದೂ ಒಂದೇ ಬ್ಯಾಗಿನಲ್ಲಿ, ಎಲ್ಲಕ್ಕಿಂತ ಮೇಲೆ ಇರಲಿ. ತಲುಪಿದ ಮೇಲೆ ಜನ ತುಂಬಿದ ಮನೆಯಲ್ಲಿ ಮೂರು ಸೂಟ್‌ಕೇಸ್ ಬಿಚ್ಚುವ ಸ್ಥಿತಿ ಬರಬಾರದು. ಎಂಥ ಬಟ್ಟೆ, ಏನಾದರೂ ತರಬೇಕಾ ಎನ್ನುವುದನ್ನು ಅಲ್ಲಿಯವರನ್ನೇ ಕೇಳಿಬಿಡಿ. ಉಳಿದಂತೆ ದಿನದ ಮಾತ್ರೆಗಳು, ಕನ್ನಡಕ, ಚಾರ್ಜರ್, ನೀರು, ಹಗುರವಾದ ತಿಂಡಿ, ಟವೆಲ್, ಗುರುತಿನ ಚೀಟಿ, ಸ್ವಲ್ಪ ನಗದು. ಮಾತ್ರೆಗಳನ್ನು ಎರಡು ಮೂರು ದಿನದ್ದು ಹೆಚ್ಚಿಗೆ ಇಟ್ಟುಕೊಳ್ಳಿ. ಇಂಥ ಪ್ರಯಾಣ ಅಂದುಕೊಂಡ ದಿನಕ್ಕೆ ಮುಗಿಯುವುದು ಕಡಿಮೆ.

ಮನೆಯಲ್ಲಿ ಗ್ಯಾಸ್, ನಲ್ಲಿ, ಕಿಟಕಿ ನೋಡಿ. ಸಾಕುಪ್ರಾಣಿ ಇದ್ದರೆ ಪಕ್ಕದವರಿಗೆ ಕೀ ಕೊಡಿ. ಆಫೀಸಿಗೆ, ಶಾಲೆಗೆ ಎರಡು ಸಾಲಿನ ಮೆಸೇಜ್ ಸಾಕು, ವಿವರಣೆ ಬೇಡ. ಕೆಲವು ಸಂಸ್ಥೆಗಳಲ್ಲಿ ಅಪ್ಪ-ಅಮ್ಮ ತೀರಿಕೊಂಡರೆ ಒಂದಷ್ಟು ರಜೆ, ಅಜ್ಜ-ಅಜ್ಜಿಗೆ ಬೇರೆ ಲೆಕ್ಕ ಇರುತ್ತದೆ. ಆಮೇಲೆ ಕೇಳಿಕೊಂಡರಾಯಿತು.

ಮಕ್ಕಳಿಗೆ ಕಾರು ಹತ್ತುವ ಮುಂಚೆ ಹೇಳಿ

ಅಜ್ಜಿಗೆ ಹುಷಾರಿಲ್ಲ, ನೋಡಲು ಹೋಗ್ತಿದೀವಿ ಎಂದು ಹೇಳಿ ಮಕ್ಕಳನ್ನು ಕಾರಿಗೆ ಹತ್ತಿಸುವುದುಂಟು. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೆ ಎಂಟು ಗಂಟೆ ದೊಡ್ಡವರ ಪಿಸುಮಾತು, ಅಳು ಕೇಳಿಸಿಕೊಂಡ ಮಗುವಿಗೆ ಏನೋ ಮುಚ್ಚಿಡುತ್ತಿದ್ದಾರೆ ಎಂದು ಗೊತ್ತಾಗಿಯೇ ಗೊತ್ತಾಗುತ್ತದೆ. ಅಲ್ಲಿ ಇಳಿದಾಗ ಒಮ್ಮೆಲೇ ಸತ್ಯ ಎದುರಾದರೆ ಇನ್ನೂ ಭಯ. ಹಾಗಾಗಿ ಮನೆಯಲ್ಲೇ ಕೂರಿಸಿಕೊಂಡು ಹೇಳಿ.

ನೇರ ಮಾತು ಬಳಸಿ. "ಅಜ್ಜಿ ಸತ್ತುಹೋದರು" ಎನ್ನಲು ನಾಲಿಗೆ ಏಳುವುದಿಲ್ಲ, ನಿಜ. ಆದರೆ "ಮಲಗಿಬಿಟ್ಟರು" ಅಂದರೆ ಸಣ್ಣ ಮಗು ಆವತ್ತು ರಾತ್ರಿ ಮಲಗಲು ಹೆದರಬಹುದು. "ಊರಿಗೆ ಹೋದರು" ಅಂದರೆ ಯಾವತ್ತು ಬರ್ತಾರೆ ಎಂದು ಕಾಯುತ್ತದೆ. ಹಂಗೇರಿಯ ಮನಶ್ಶಾಸ್ತ್ರಜ್ಞೆ ಮರಿಯಾ ನಾಗಿ 3ರಿಂದ 10 ವರ್ಷದ ಮಕ್ಕಳನ್ನು ಮಾತಾಡಿಸಿ 1948ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐದು ವರ್ಷದ ಒಳಗಿನವರು ಸಾವನ್ನು ಮತ್ತೆ ವಾಪಸ್ ಬರಬಹುದಾದ ದೂರಪ್ರಯಾಣದ ಹಾಗೆ, ನಿದ್ದೆಯ ಹಾಗೆ ಕಾಣುತ್ತಾರೆ ಎಂದು ಗುರುತಿಸಿದ್ದರು. ನಾವು ನಯವಾಗಿ ಹೇಳಲು ಹೋಗಿ ಅದೇ ತಪ್ಪು ಕಲ್ಪನೆಯನ್ನು ಗಟ್ಟಿ ಮಾಡುತ್ತೇವೆ. ಏಳು, ಎಂಟು ವರ್ಷ ದಾಟುವ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ಸತ್ತವರು ಮರಳಿ ಬರುವುದಿಲ್ಲ ಎನ್ನುವುದು ತಿಳಿದಿರುತ್ತದೆ.

ಪ್ರಶ್ನೆಗಳು ಬರುತ್ತವೆ. ಹೆಚ್ಚಾಗಿ ಕಾರು ಓಡುತ್ತಿರುವಾಗ, ಎಲ್ಲರೂ ಸುಮ್ಮನಿದ್ದಾಗ ಬರುತ್ತವೆ.

"ಅಜ್ಜಿಗೆ ಅಲ್ಲಿ ಪೆಟ್ಟಿಗೇಲಿ ಚಳಿ ಆಗಲ್ವಾ?"

"ಇಲ್ಲ ಕಂದಾ. ಸತ್ತ ಮೇಲೆ ಮೈಗೆ ಚಳಿ ಗೊತ್ತಾಗಲ್ಲ. ನೋವೂ ಆಗಲ್ಲ, ಹಸಿವೂ ಆಗಲ್ಲ."

"ಮತ್ತೆ ಅಮ್ಮ ಯಾಕೆ ಅಳ್ತಿದಾಳೆ?"

"ಅಮ್ಮಂಗೆ ಅವಳ ಅಮ್ಮ ಬೇಕು ಅನ್ನಿಸ್ತಿದೆ. ಅದಕ್ಕೆ."

ಇಷ್ಟು ಸಾಕು. ಕೇಳಿದ್ದಕ್ಕೆ ಮಾತ್ರ ಉತ್ತರ, ಅದೂ ಚಿಕ್ಕದಾಗಿ. ಐದು ನಿಮಿಷ ಬಿಟ್ಟು ಅದೇ ಮಗು ಕಿಟಕಿಯಾಚೆ ರೈಲು ಕಂಡು ಕುಣಿಯಬಹುದು. ಯಾರೂ ಗದರಬೇಡಿ. ಮಕ್ಕಳು ದುಃಖವನ್ನು ಅಷ್ಟಷ್ಟೇ ಎತ್ತಿಕೊಳ್ಳುತ್ತಾರೆ, ಇಳಿಸುತ್ತಾರೆ, ಮತ್ತೆ ಎತ್ತಿಕೊಳ್ಳುತ್ತಾರೆ.

ಅಲ್ಲಿ ಏನೇನು ನೋಡಬೇಕಾಗುತ್ತದೆ ಎನ್ನುವುದನ್ನೂ ಮೊದಲೇ ಹೇಳಿ: ತುಂಬ ಜನ ಇರುತ್ತಾರೆ, ದೊಡ್ಡವರು ಜೋರಾಗಿ ಅಳಬಹುದು, ಅಜ್ಜಿ ಮಾತಾಡುವುದಿಲ್ಲ, ಕಣ್ಣು ಬಿಡುವುದಿಲ್ಲ, ಮುಟ್ಟಿದರೆ ತಣ್ಣಗಿರುತ್ತಾರೆ. ನಿಂಗೆ ಇಷ್ಟ ಇದ್ರೆ ಹತ್ತಿರ ಹೋಗಬಹುದು, ಬೇಡ ಅನ್ನಿಸಿದ್ರೆ ಹೊರಗೆ ಇರಬಹುದು ಎಂದು ಆಯ್ಕೆ ಕೊಡಿ. ಹೊರಗೆ ಇರಲು ಬಯಸಿದರೆ ಜೊತೆಗೆ ಯಾರು ಇರುತ್ತಾರೆ? ಅದನ್ನು ಕಾರಿನಲ್ಲೇ ನಿಶ್ಚಯಿಸಿ. ಅಜ್ಜಿಯ ಮಗಳಿಗೋ ಮಗನಿಗೋ ಆ ಕೆಲಸ ವಹಿಸಬೇಡಿ, ಅವರು ಆ ಹೊತ್ತಿನಲ್ಲಿ ತಮ್ಮ ತಾಯಿಯ ಹತ್ತಿರ ಇರಬೇಕು.

ದಾರಿಯಲ್ಲಿ

ಹತ್ತಿದ ಕೂಡಲೇ ಎಲ್ಲರಿಗೂ ಬೆಲ್ಟ್. ಹಿಂದಿನ ಸೀಟಿನವರಿಗೂ. ಅಳುತ್ತಿರುವವರನ್ನು ಸಂತೈಸಲು ಪಕ್ಕದವರು ಬೆಲ್ಟ್ ಬಿಚ್ಚಿ ವಾಲಿಕೊಳ್ಳುತ್ತಾರೆ, ಮಗುವನ್ನು ಮಡಿಲಿಗೆ ಎಳೆದುಕೊಳ್ಳುತ್ತಾರೆ. ಮಗು ತನ್ನ ಸೀಟಿನಲ್ಲೇ ಇರಲಿ. ಅಪ್ಪಿಕೊಳ್ಳಬೇಕು ಅನ್ನಿಸಿದರೆ ಕಾರು ನಿಲ್ಲಿಸಿ ಅಪ್ಪಿಕೊಳ್ಳಿ. ತೀರ ಎಳೆ ಕೂಸಾದರೆ ಸೀಟಿನಲ್ಲಿ ಒಂದೇ ಸಮನೆ ಎರಡು ಗಂಟೆಗಿಂತ ಹೆಚ್ಚು ಬೇಡ. ಹಿಮ್ಮುಖವಾಗಿ ಕೂರಿಸುವ ಮಗುವಿನ ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಎಂದಿಗೂ ಇಡಬಾರದು.

ವೇಗದ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಿ. 100 ಕಿಲೋಮೀಟರ್ ದಾರಿಯನ್ನು ಗಂಟೆಗೆ 80ರ ವೇಗದಲ್ಲಿ ಹೋದರೆ 75 ನಿಮಿಷ, 100ರ ವೇಗದಲ್ಲಿ ಹೋದರೆ 60 ನಿಮಿಷ. ಉಳಿಯುವುದು ಹದಿನೈದು ನಿಮಿಷ, ಅದೂ ರಸ್ತೆ ಪೂರ್ತಿ ಖಾಲಿ ಇದ್ದರೆ. ಅದಕ್ಕೆ ಕೊಡುವ ಬೆಲೆ ಏನು? ಬ್ರೇಕ್ ಒತ್ತಿದ ಮೇಲೆ ಕಾರು ನಿಲ್ಲಲು ಬೇಕಾಗುವ ದೂರ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. 100ರ ವೇಗದಲ್ಲಿ ನಾಲ್ಕು ಸೆಕೆಂಡ್ ಕಣ್ಣು ಮುಚ್ಚಿದರೆ ಕಾರು ನೂರು ಮೀಟರಿಗಿಂತ ಹೆಚ್ಚು ದೂರ ಕುರುಡಾಗಿ ಓಡಿರುತ್ತದೆ.

ಎರಡು ಗಂಟೆಗೊಮ್ಮೆ ಹದಿನೈದು ನಿಮಿಷ ಇಳಿಯಿರಿ. ಆಕಳಿಕೆ ಬಂದರೆ, ಕಳೆದ ಕೆಲವು ಕಿಲೋಮೀಟರ್ ಹೇಗೆ ಬಂದೆವು ಎನ್ನುವುದೇ ನೆನಪಾಗದಿದ್ದರೆ, ಗೆರೆ ದಾಟಿ ಗಾಡಿ ಅತ್ತಿತ್ತ ಹೋದರೆ, ಎರಡು ಗಂಟೆಗೆ ಕಾಯದೆ ಆಗಲೇ ನಿಲ್ಲಿಸಿ. ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು, ಮುಖಕ್ಕೆ ನೀರು ಹಾಕಿಕೊಳ್ಳುವುದು, ಇವುಗಳಿಂದ ಸ್ವಲ್ಪ ಹೊತ್ತು ಹುಷಾರಾದ ಹಾಗೆ ಅನ್ನಿಸುತ್ತದೆ ಅಷ್ಟೆ. ಕೆಲಸ ಮಾಡುವುದು ಇದು: ಒಂದು ಕಪ್ ಗಟ್ಟಿ ಕಾಫಿ ಕುಡಿದು, ತಕ್ಷಣ ಸೀಟು ವಾಲಿಸಿ ಹದಿನೈದು ನಿಮಿಷ ಕಣ್ಣು ಮುಚ್ಚುವುದು. ಕಾಫಿಯ ಕೆಫೀನ್ ಕೆಲಸ ಶುರು ಮಾಡಲು ಇಪ್ಪತ್ತು, ಮೂವತ್ತು ನಿಮಿಷ ಬೇಕು. ಅಷ್ಟರಲ್ಲಿ ಸಣ್ಣ ನಿದ್ದೆಯೂ ಆಗಿರುತ್ತದೆ. ಬ್ರಿಟನ್ನಿನ ಲಫ್‌ಬರೊ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ಲೂಯಿಸ್ ರೇನರ್ ಮತ್ತು ಜಿಮ್ ಹಾರ್ನ್ ನಡೆಸಿದ ಪ್ರಯೋಗಗಳಲ್ಲಿ ಈ ಎರಡೂ ಸೇರಿದಾಗ ಚಾಲಕರ ತೂಕಡಿಕೆ ಚೆನ್ನಾಗಿ ಕಡಿಮೆಯಾಗಿತ್ತು. ಎದ್ದ ಮೇಲೆ ಹತ್ತು ನಿಮಿಷ ನಡೆದಾಡಿ, ಮಂಪರು ಹರಿಯಲಿ. ಇದು ತಾತ್ಕಾಲಿಕ ಉಪಾಯ ಮಾತ್ರ. ರಾತ್ರಿಯ ನಿದ್ದೆಗೆ ಬದಲಿಯಲ್ಲ.

ಓಡಿಸುವವರಿಗೇ ಅಳು ಬಂದರೆ? ಬರುತ್ತದೆ. ಅಜ್ಜಿ ಇಷ್ಟಪಡುತ್ತಿದ್ದ ಹಾಡು ರೇಡಿಯೋದಲ್ಲಿ ಬಂದರೆ ಸಾಕು. ಕಣ್ಣು ತುಂಬಿದ ಕೂಡಲೇ ರಸ್ತೆ ಕಲಸಿದಂತಾಗುತ್ತದೆ. ಆಗ "ಒಂದು ನಿಮಿಷ, ನಿಲ್ಲಿಸ್ತೀನಿ" ಎಂದು ಬಾಯಿಬಿಟ್ಟು ಹೇಳಿ, ಕಾಲು ನಿಧಾನಕ್ಕೆ ಆಕ್ಸಿಲರೇಟರಿನಿಂದ ತೆಗೆಯಿರಿ, ಇಂಡಿಕೇಟರ್ ಹಾಕಿ. ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸುವುದು ಅಪಾಯ. ಪೆಟ್ರೋಲ್ ಬಂಕ್, ಹೋಟೆಲಿನ ಅಂಗಳ, ಒಳರಸ್ತೆ, ಇಂಥ ಜಾಗ ಸಿಗುವವರೆಗೆ ನಿಧಾನವಾಗಿ ಹೋಗಿ. ಅಂಚಿನಲ್ಲೇ ನಿಲ್ಲಿಸಬೇಕಾಗಿ ಬಂದರೆ ಪಾರ್ಕಿಂಗ್ ಲೈಟ್ ನಾಲ್ಕೂ ಮಿನುಗಲಿ, ಎಲ್ಲರೂ ವಾಹನಗಳು ಓಡಾಡದ ಬದಿಯಿಂದ ಇಳಿದು ರಸ್ತೆಯಿಂದ ದೂರ ನಿಲ್ಲಿ. ಅಳು ಮುಗಿಯಲಿ. ಆಮೇಲೆ ಇನ್ನೊಬ್ಬರು ಓಡಿಸಲಿ.

ಫೋನುಗಳು ಇನ್ನೊಂದು ಕಾಟ. "ಎಲ್ಲಿದೀರಿ? ಎಲ್ಲಿವರೆಗೆ ಬಂದ್ರಿ?" ಹತ್ತು ನಿಮಿಷಕ್ಕೊಂದು. ಕಾಳಜಿಯಿಂದಲೇ ಮಾಡುತ್ತಾರೆ, ಆದರೆ ಪ್ರತಿ ಕರೆಯೂ ಕಾರಿನೊಳಗೆ ಅವಸರ ತುಂಬುತ್ತದೆ. ಓಡಿಸುವವರ ಫೋನ್ ಹಿಂದಿನ ಸೀಟಿಗೆ ಹೋಗಲಿ. ಒಬ್ಬರು ಮಾತ್ರ ಉತ್ತರ ಕೊಡಲಿ, ಕುಟುಂಬದ ಗ್ರೂಪಿನಲ್ಲಿ ಲೈವ್ ಲೊಕೇಶನ್ ಹಾಕಿಬಿಡಲಿ. ಹ್ಯಾಂಡ್ಸ್-ಫ್ರೀ ಇದೆಯಲ್ಲ ಎನ್ನಬೇಡಿ. ಸಾವಿನ ಮಾತಾಡುತ್ತಾ ಓಡಿಸುವಾಗ ಕೈ ಖಾಲಿ ಇದ್ದರೆ ಏನು ಬಂತು, ತಲೆ ಖಾಲಿ ಇರುವುದಿಲ್ಲ. ಎರಡು ಮೂರು ಕಾರು ಒಟ್ಟಿಗೆ ಹೊರಟಿದ್ದರೆ ಒಬ್ಬರ ಬೆನ್ನು ಒಬ್ಬರು ಹಿಡಿದು ಓಡಿಸಬೇಡಿ. ಮುಂದಿನ ಕಾರು ದಾಟಿಹೋದ ಸಿಗ್ನಲ್ಲನ್ನು ಹಿಂದಿನವರೂ ದಾಟಲು ನೋಡುತ್ತಾರೆ. ಸೇರುವ ಜಾಗ ಮೊದಲೇ ಹೇಳಿಕೊಂಡು, ಅವರವರ ವೇಗದಲ್ಲಿ ಬನ್ನಿ.

ಕಾರಿನೊಳಗಿನ ಮಾತಿಗೆ ನಿಯಮ ಏನೂ ಇಲ್ಲ. ಅಮ್ಮ ಕೊನೆಯ ಸಲ ಫೋನಿನಲ್ಲಿ ಏನಂದಳು ಎನ್ನುವುದನ್ನೇ ನಿಮ್ಮ ಅಮ್ಮ ಹತ್ತು ಸಲ ಹೇಳಬಹುದು. "ಆಗಲೇ ಹೇಳಿದ್ರಲ್ಲ" ಎನ್ನಬೇಡಿ, ಹತ್ತೂ ಸಲ ಕೇಳಿಸಿಕೊಳ್ಳಿ. ಮಧ್ಯೆ ಯಾರೋ ಅಜ್ಜಿ ಇಸ್ಪೀಟಿನಲ್ಲಿ ಮಾಡುತ್ತಿದ್ದ ಮೋಸ ನೆನಪಿಸಿ ಎಲ್ಲರೂ ನಗುತ್ತಾರೆ. ನಕ್ಕ ಮೇಲೆ ನಾಚಿಕೆಯಾಗುತ್ತದೆ. ಆಗಬೇಕಿಲ್ಲ. ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ ಎಂಬ ಸಂಶೋಧಕರು 1999ರಲ್ಲಿ ವಿವರಿಸಿದ ಹಾಗೆ, ದುಃಖದಲ್ಲಿರುವ ಮನಸ್ಸು ಕಳೆದುಕೊಂಡದ್ದರ ಕಡೆಗೂ ಬದುಕಿನ ಕಡೆಗೂ ಹೋಗಿ ಬರುತ್ತಲೇ ಇರುತ್ತದೆ. ಆ ಓಡಾಟದಲ್ಲೇ ಅದು ಸುಧಾರಿಸಿಕೊಳ್ಳುತ್ತದೆ. ಆಸ್ತಿ, ಖರ್ಚು, ಯಾರು ಅಜ್ಜಿಯನ್ನು ನೋಡಿಕೊಳ್ಳಲಿಲ್ಲ ಎಂಬ ಲೆಕ್ಕಗಳು ಮಾತ್ರ ಆವತ್ತು ಕಾರಿನಲ್ಲಿ ಬೇಡ. ಯಾರಾದರೂ ಎತ್ತಿದರೆ "ಆಮೇಲೆ ಮಾತಾಡೋಣ" ಎಂದು ಅಲ್ಲಿಗೇ ನಿಲ್ಲಿಸಿ.

ವಯಸ್ಸಾದವರು ಜೊತೆಗಿದ್ದರೆ

ಅಜ್ಜಿಯ ತಮ್ಮನೋ ತಂಗಿಯೋ ನಿಮ್ಮ ಕಾರಿನಲ್ಲಿ ಬರುತ್ತಿರಬಹುದು. ಅವರು ಏನೂ ಕೇಳುವುದಿಲ್ಲ. "ನಂಗೇನು ಬೇಡ, ನಡೀರಿ" ಅನ್ನುತ್ತಾರೆ. ದಾರಿಯಲ್ಲಿ ಶೌಚಾಲಯಕ್ಕೆ ಇಳಿಯಬೇಕಾದೀತು ಎಂದು ನೀರೇ ಕುಡಿಯುವುದಿಲ್ಲ. ನೀವೇ ನೀರು ಕೊಡಿ, ನೀವೇ ನಿಲ್ಲಿಸಿ, ಕೈ ಹಿಡಿದು ನಾಲ್ಕು ಹೆಜ್ಜೆ ನಡೆಸಿ. ನಾಲ್ಕು ಗಂಟೆಗಿಂತ ಹೆಚ್ಚು ಕದಲದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಏರುತ್ತದೆ, ವಯಸ್ಸಾದವರಲ್ಲಿ ಇನ್ನೂ ಜಾಸ್ತಿ. ಸಕ್ಕರೆ ಕಾಯಿಲೆಯವರು ದುಃಖದಲ್ಲಿ ಊಟ ಬಿಟ್ಟು ಮಾತ್ರೆ ನುಂಗಿದರೆ ಸಕ್ಕರೆ ತೀರ ಇಳಿದು ತಲೆ ಸುತ್ತಬಹುದು. ಸ್ವಲ್ಪವಾದರೂ ತಿನ್ನಿಸಿ.

ಎದೆನೋವು, ಎಡಗೈ ಅಥವಾ ದವಡೆಯ ನೋವು, ಉಸಿರು ಸಿಕ್ಕಿಕೊಂಡ ಹಾಗೆ, ತಣ್ಣನೆ ಬೆವರು, ಇವುಗಳಲ್ಲಿ ಯಾವುದಾದರೂ ಬಂದರೆ "ದುಃಖಕ್ಕೆ ಹಾಗಾಗಿದೆ" ಎಂದು ಮುಂದೆ ಹೋಗಬೇಡಿ. ಹತ್ತಿರದ ಆಸ್ಪತ್ರೆಗೆ ತಿರುಗಿಸಿ, ಇಲ್ಲವೇ ಆಂಬುಲೆನ್ಸ್ ಕರೆಯಿರಿ. ಬಾಸ್ಟನ್‌ನ ಸಂಶೋಧಕರು ಹೃದಯಾಘಾತವಾಗಿ ಬದುಕಿದ ಸುಮಾರು 2,000 ಜನರನ್ನು ವಿಚಾರಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಪ್ತರೊಬ್ಬರು ತೀರಿಕೊಂಡ ಮೊದಲ 24 ಗಂಟೆಯಲ್ಲಿ ಹೃದಯಾಘಾತದ ಅಪಾಯ ಮಾಮೂಲಿಗಿಂತ ಸುಮಾರು 21 ಪಟ್ಟು ಇತ್ತು. ಆಮೇಲೆ ದಿನದಿಂದ ದಿನಕ್ಕೆ ಅದು ಇಳಿಯುತ್ತಾ ಬಂತು. ನಿಮ್ಮ ಪ್ರಯಾಣ ನಡೆಯುವುದು ಆ ಮೊದಲ 24 ಗಂಟೆಯಲ್ಲೇ.

ತಲುಪುವ ಸ್ವಲ್ಪ ಮುಂಚೆ

ಕೊನೆಯ ಹತ್ತು ಹದಿನೈದು ಕಿಲೋಮೀಟರ್ ಇರುವಾಗ ಒಮ್ಮೆ ನಿಲ್ಲಿಸಿ. ಇದೊಂದು ನಿಲುಗಡೆಯನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಬಂದೇ ಬಿಟ್ಟೆವಲ್ಲ ಎನ್ನುತ್ತಾರೆ. ಆದರೆ ಇಳಿದ ಕ್ಷಣದಿಂದ ನಿಮಗೆ ನಿಮ್ಮದೆನ್ನುವ ಸಮಯ ಸಿಗುವುದಿಲ್ಲ. ಎಲ್ಲರೂ ಶೌಚಾಲಯಕ್ಕೆ ಹೋಗಿ, ಮುಖ ತೊಳೆಯಿರಿ, ಬಟ್ಟೆ ಬದಲಿಸಬೇಕಿದ್ದರೆ ಬದಲಿಸಿ. ಮಕ್ಕಳಿಗೆ ಏನಾದರೂ ತಿನ್ನಿಸಿ, ಮುಂದೆ ಎಷ್ಟು ಹೊತ್ತಿಗೆ ಊಟವೋ ಗೊತ್ತಿಲ್ಲ. ಅಲ್ಲಿಗೆ ಫೋನ್ ಮಾಡಿ ಕಾರು ಎಲ್ಲಿ ನಿಲ್ಲಿಸಬೇಕು, ನೇರ ಮನೆಗಾ ಅಥವಾ ಅಂತ್ಯಕ್ರಿಯೆಯ ಜಾಗಕ್ಕಾ ಎಂದು ಕೇಳಿ.

ಅಮ್ಮನನ್ನೋ ಅಪ್ಪನನ್ನೋ ಬಾಗಿಲ ಹತ್ತಿರವೇ ಇಳಿಸಿ, ಜೊತೆಗೆ ಒಬ್ಬರು ಹೋಗಲಿ. ಉಳಿದವರು ಕಾರು ನಿಲ್ಲಿಸಿ ಬರಲಿ. ಎಂಟು ಗಂಟೆ ತಡೆದುಕೊಂಡದ್ದು ಹೊಸ್ತಿಲಲ್ಲಿ ಕಟ್ಟೆಯೊಡೆಯುತ್ತದೆ. ಕಾಲು ಸೋತು ಕುಸಿಯುವವರೂ ಇರುತ್ತಾರೆ. ಪಕ್ಕದಲ್ಲಿ ಒಂದು ಕೈ ಬೇಕು.

ಅಲ್ಲಿ

ಅಲ್ಲಿರುವವರು ಹಿಂದಿನ ರಾತ್ರಿಯಿಂದ ಓಡಾಡಿ ಸುಸ್ತಾಗಿರುತ್ತಾರೆ. ದೂರದಿಂದ ಬಂದವರು "ಯಾಕೆ ಹೀಗೆ ಮಾಡಿದ್ರಿ, ಯಾಕೆ ಆ ಆಸ್ಪತ್ರೆಗೆ ಹೋಗಲಿಲ್ಲ" ಎಂದು ಕೇಳಿದರೆ ಮನಸ್ಸು ಮುರಿಯುತ್ತದೆ. ಕೇಳಬೇಕಾದ್ದು "ನಾನೇನು ಮಾಡ್ಲಿ?" ಎನ್ನುವುದನ್ನು. ಕಾರು ಇದೆಯಲ್ಲ, ಅದೇ ದೊಡ್ಡ ಸಹಾಯ. ಸಾಮಾನು ತರಲು, ವಯಸ್ಸಾದವರನ್ನು ಕರೆತರಲು, ನಿಲ್ದಾಣದಿಂದ ಬರುವವರನ್ನು ಕರೆದುಕೊಂಡು ಬರಲು ಓಡಾಟ ಇದ್ದೇ ಇರುತ್ತದೆ. ಆದರೆ ಎಂಟು ಗಂಟೆ ಓಡಿಸಿದವರನ್ನು ಮತ್ತೆ ಕಳಿಸಬೇಡಿ. ಅವರಿಗೆ ಒಂದು ಮೂಲೆ ತೋರಿಸಿ ಮಲಗಲು ಹೇಳಿ.

ವಾಪಸ್ ಹೊರಡುವಾಗ

ಹೋಗುವಾಗ ಇದ್ದ ಎಚ್ಚರ ಬರುವಾಗ ಇರುವುದಿಲ್ಲ. ಅವಸರ ಇಲ್ಲ, ಆದರೆ ಆಯಾಸ ಮೂಳೆಗೆ ಇಳಿದಿರುತ್ತದೆ. ಅಂತ್ಯಕ್ರಿಯೆ ಮುಗಿದ ರಾತ್ರಿಯೇ "ನಾಳೆ ಆಫೀಸಿದೆ" ಎಂದು ಹೊರಡುವವರನ್ನು ಕಂಡರೆ ನನಗೆ ಭಯ. ಒಂದು ಪೂರ್ತಿ ರಾತ್ರಿ ಮಲಗಿ, ಬೆಳಕಿನಲ್ಲಿ ಹೊರಡಿ. ಅಲ್ಲಿ ಮಲಗಲು ಜಾಗ ಇಲ್ಲದಿದ್ದರೆ ಹತ್ತಿರದ ಲಾಡ್ಜಿನಲ್ಲಿ ಕೋಣೆ ಹಿಡಿಯಿರಿ. ಟೈರ್, ಪೆಟ್ರೋಲ್ ಮತ್ತೊಮ್ಮೆ ನೋಡಿ.

ತಾತ ಒಬ್ಬರೇ ಉಳಿಯುತ್ತಾರೆ ಎಂದಾದರೆ ಹೊರಡುವ ಮುಂಚೆಯೇ ಯಾರು ಎಷ್ಟು ದಿನ ಇರುತ್ತಾರೆ ಎಂದು ಮಾತಾಡಿಕೊಳ್ಳಿ. "ನಮ್ಮ ಜೊತೆ ಬನ್ನಿ" ಎಂದು ಆವತ್ತೇ ಕಾರು ಹತ್ತಿಸುವ ಒತ್ತಾಯ ಬೇಡ. ಅವರಿಗೆ ಆ ಮನೆಯಲ್ಲೇ ಇರಬೇಕು ಅನ್ನಿಸಬಹುದು. ಮರಣ ಪ್ರಮಾಣಪತ್ರದ ಕೆಲಸ ಯಾರು ನೋಡಿಕೊಳ್ಳುತ್ತಾರೆ ಎಂದೂ ಕೇಳಿಕೊಳ್ಳಿ. ರಜೆಗೆ, ಬ್ಯಾಂಕಿಗೆ, ಪಿಂಚಣಿಗೆ ಅದರ ಪ್ರತಿ ಬೇಕಾಗುತ್ತದೆ.

ಮನೆಗೆ ಬಂದು ವಾರವಾದ ಮೇಲೆ, ತಿಂಗಳಾದ ಮೇಲೆ ಮಗು ಮತ್ತೆ ಕೇಳುತ್ತದೆ. "ಅಜ್ಜಿ ಮನೆಗೆ ಹೋದ್ರೆ ಈಗ ಯಾರು ಬಾಗಿಲು ತೆಗೀತಾರೆ?" ಅಂತ. ಅದೇ ಉತ್ತರವನ್ನು ಅಷ್ಟೇ ತಾಳ್ಮೆಯಿಂದ ಮತ್ತೆ ಹೇಳಿ. ಶಾಲೆಗೆ ಕಳಿಸುವ ಮೊದಲ ದಿನ ಕ್ಲಾಸ್ ಟೀಚರಿಗೆ ಒಂದು ಚೀಟಿ ಬರೆದು ಕೊಡಿ: ಅಜ್ಜಿ ತೀರಿಕೊಂಡಿದ್ದಾರೆ, ಮಗುವಿಗೆ ಗೊತ್ತಿದೆ, ತರಗತಿಯಲ್ಲಿ ಅತ್ತರೆ ಅಥವಾ ಸುಮ್ಮನೆ ಕೂತರೆ ಸ್ವಲ್ಪ ಹೊತ್ತು ಬಿಟ್ಟುಬಿಡಿ, ಬೇಕಾದರೆ ಈ ನಂಬರಿಗೆ ಫೋನ್ ಮಾಡಿ.